ಟಿಂಡರ್, ಬಂಬಲ್ ಎಂಬ ಡೇಟಿಂಗ್ ಆ್ಯಪ್‌ಗಳು ಒಂದರ ಮೇಲೊಂದು ಕೆಸರೆರಚುವುದು ಯಾಕೆ? ಯಾರನ್ನು ನಂಬೋದು?

ಇದು ಮನೆ ಒಡೆದ ಜಗಳ. ಟಿಂಡರ್ ಕಟ್ಟಿದವರಲ್ಲಿ ಒಬ್ಬರಾದ ವಿಟ್ನಿ ವೋಲ್ಫ್ 2014ರಲ್ಲಿ ಹೊರಬಂದು, ಕಿರುಕುಳದ ಕೇಸ್ ಹಾಕಿ, ಆಮೇಲೆ ಬಂಬಲ್ ಶುರು ಮಾಡಿದರು. 2018ರಲ್ಲಿ ಟಿಂಡರ್ ಒಡೆತನದ ಮ್ಯಾಚ್ ಗ್ರೂಪ್, ನಮ್ಮ ಸ್ವೈಪ್ (ಬೆರಳಿನಿಂದ ಫೋಟೊ ಆಚೀಚೆ ಸರಿಸಿ ಆರಿಸುವ ವಿಧಾನ) ಪೇಟೆಂಟನ್ನು ಬಂಬಲ್ ಬಳಸಿದೆ ಎಂದು ಕೋರ್ಟಿಗೆ ಹೋಯಿತು. ಬಂಬಲ್ ಸುಮ್ನಿರಲಿಲ್ಲ. ಪತ್ರಿಕೆಯಲ್ಲಿ ಇಡೀ ಪುಟದ ಬಹಿರಂಗ ಪತ್ರ ಹಾಕಿಸಿತು, 40 ಕೋಟಿ ಡಾಲರ್ ಕೇಳಿ ಎದುರು ಕೇಸನ್ನೂ ಹಾಕಿತು. 2020ರಲ್ಲಿ ರಾಜಿಯಾಯಿತು.

ಇಷ್ಟು ರಂಪ ಯಾಕೆಂದರೆ, ಜನ ಜಾಸ್ತಿ ಇರುವ ಆ್ಯಪ್‌ಗೇ ಮತ್ತಷ್ಟು ಜನ ಬರುತ್ತಾರೆ. ನಮ್ಮ ದಾವಣಗೆರೆಯ ಬೆಣ್ಣೆದೋಸೆ ಹಾಗಲ್ಲ, ಹೋಟೆಲ್ ಖಾಲಿ ಇದ್ದರೂ ದೋಸೆ ರುಚಿಯಾಗೇ ಇರುತ್ತದೆ ಅಲ್ವಾ! ಖಾಲಿ ಆ್ಯಪ್‌ನಲ್ಲಿ ಏನೂ ಸಿಗಲ್ಲ. ಹಾಗಾಗಿ ಅವರ ಬೈಗುಳ ಬಿಡಿ. ದಾವಣಗೆರೆ, ಹರಿಹರದ ಸುತ್ತ ಯಾವುದರಲ್ಲಿ ಜನ ಇದ್ದಾರೆ, ಬ್ಲಾಕ್ ಮಾಡೋದು ಎಷ್ಟು ಸುಲಭ, ಅದನ್ನು ನೋಡಿ.