ಟೇಪಿನ ಸೊನ್ನೆ ಎಲ್ಲಿಡಬೇಕು?

ಬೆಂಗಳೂರಿನ ಹೊರಮಾವು ಕಡೆಯ ಓದುಗರೊಬ್ಬರು, ನಿವೃತ್ತ ಶಿಕ್ಷಕರು, ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ತಿರುಳು ಇಷ್ಟು:

"ರಾಜಕಾಲುವೆಯ ಪಕ್ಕ ಮನೆ ಕಟ್ಟಿ ಆಮೇಲೆ ಮಳೆಯನ್ನು ದೂರುವವರ ಬಗ್ಗೆ ನನಗೆ ಕನಿಕರವಿಲ್ಲ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು 30x40 ನಿವೇಶನ ಕೊಂಡವನು. ಹಿಂದೆ ಕಾಲುವೆ ಇದೆ. ನಮ್ಮ ಎಂಜಿನಿಯರ್ ಕಾಲುವೆಯ ಗೋಡೆಯಿಂದ ಟೇಪು ಹಿಡಿದು 16 ಮೀಟರ್ ತೋರಿಸಿದರು. ನಿಯಮ ಕೇಳುವುದು 15. ಪಾಲಿಕೆಯ 'ನಂಬಿಕೆ ನಕ್ಷೆ' ಯೋಜನೆಯಲ್ಲಿ ಮನೆ ಕಟ್ಟಲು ಅನುಮತಿಯೂ ಸಿಕ್ಕಿದೆ. ಆದರೂ ಈ ಮಳೆಯಲ್ಲಿ ನಿವೇಶನದೊಳಗೆ ಮೊಣಕಾಲುದ್ದ ನೀರು ನಿಂತಿತ್ತು. ನಾಲ್ಕಡಿ ಮಣ್ಣು ತುಂಬಿಸಿ ಎತ್ತರಿಸಿದರೆ ಸಾಕು ಎನ್ನುತ್ತಾರೆ. ನಿಯಮ ಪಾಲಿಸಿಯೂ ಮುಳುಗುವುದಾದರೆ ಆ ನಿಯಮ ಯಾರಿಗಾಗಿ? ಕೆರೆ ನುಂಗಿದ ದೊಡ್ಡವರನ್ನು ಬಿಟ್ಟು ನಮ್ಮಂಥವರ ಮೇಲೆ ನಿಮ್ಮ ಸಿಟ್ಟೇಕೆ?"

ಮಾನ್ಯರೇ,

ಆ ವಾಕ್ಯ ಬರೆದವನು ನಾನೇ. ಪುಟ ಮುದ್ರಣಕ್ಕೆ ಹೋಗುವ ಅವಸರದಲ್ಲಿ, ಒದ್ದೆ ಚಪ್ಪಲಿಯಲ್ಲಿ ಕಚೇರಿಗೆ ಬಂದು ಕೂತಿದ್ದಾಗ ಬರೆದದ್ದು. ನಿಯಮ ವಿಚಾರಿಸಿ, ಟೇಪು ಹಿಡಿಸಿ, ಶುಲ್ಕ ಕಟ್ಟಿ ನಕ್ಷೆ ಪಡೆದವರನ್ನೂ ಕಾಲುವೆಯ ಮೇಲೆಯೇ ಚಪ್ಪಡಿ ಎಳೆದವರನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದು ತಪ್ಪು. ಹಿಂತೆಗೆದುಕೊಂಡಿದ್ದೇನೆ.

ಆದರೆ ನಿಮ್ಮ ಪತ್ರದ ಒಂದು ಮಾತು ನನ್ನನ್ನು ಎರಡು ದಿನ ಕಾಡಿತು: "ಗೋಡೆಯಿಂದ ಟೇಪು ಹಿಡಿದು." ಎಷ್ಟು ಮೀಟರ್ ಎಂಬುದರ ಬಗ್ಗೆ ಈ ಊರಿನಲ್ಲಿ ಹತ್ತು ವರ್ಷದಿಂದ ಜಗಳ ನಡೆದಿದೆ. ಟೇಪಿನ ಸೊನ್ನೆಯನ್ನು ಎಲ್ಲಿಡಬೇಕು ಎಂದು ಕೇಳುವವರು ಕಡಿಮೆ.

ಈಗ ಲೆಕ್ಕಕ್ಕಿರುವುದು 2007ರಲ್ಲಿ ಜಾರಿಗೆ ಬಂದ ಪರಿಷ್ಕೃತ ಮಾಸ್ಟರ್ ಪ್ಲಾನ್-2015. (2031ರ ಕರಡು ಬಂದು, ಆಕ್ಷೇಪಣೆ ಕೇಳಿಸಿಕೊಂಡು, ಹಿಂದಕ್ಕೆ ಹೋಯಿತು.) ಅದರ ಪ್ರಕಾರ ಕಟ್ಟಡ ಕಟ್ಟದೆ ಬಿಡಬೇಕಾದ ಅಂತರ, ಅಂದರೆ ಬಫರ್, ಕೆರೆಗೆ 30 ಮೀಟರ್, ರಾಜಕಾಲುವೆಗಳಲ್ಲಿ ಪ್ರಾಥಮಿಕ ಹಂತದ್ದಕ್ಕೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15. ಕಾಲುವೆಗಳ ಈ ಅಳತೆ ಶುರುವಾಗುವುದು ದಡದಿಂದಲ್ಲ, ಕಾಲುವೆಯ ನಡುಮಧ್ಯದಿಂದ. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದನ್ನು ಕೆರೆಗೆ 75, ಕಾಲುವೆಗಳಿಗೆ 50, 35, 25 ಎಂದು ಬದಲಿಸಿತು. ಪ್ರಾಥಮಿಕ ಕಾಲುವೆಯ ಅಂಕಿ ಎರಡರಲ್ಲೂ 50 ಎಂಬುದನ್ನು ಗಮನಿಸಿ. ಹಾಗಿದ್ದರೂ ಕಟ್ಟಡದವರು ಬೆಚ್ಚಿಬಿದ್ದರು, ಏಕೆಂದರೆ ನ್ಯಾಯಮಂಡಳಿ ದಡದಿಂದ ಅಳೆಯಲು ಹೇಳಿತ್ತು. ಮೂವತ್ತು ಮೀಟರ್ ಅಗಲದ ಕಾಲುವೆಯಾದರೆ ಅದೇ 50 ಮೀಟರ್ ಎರಡು ಕಡೆಗೂ ಹದಿನೈದು ಹದಿನೈದು ಮೀಟರ್ ಹೊರಕ್ಕೆ ಸರಿಯುತ್ತದೆ. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದುಪಡಿಸಿತು. ಕಾನೂನಿನನ್ವಯ ರೂಪುಗೊಂಡ ಮಾಸ್ಟರ್ ಪ್ಲಾನನ್ನು ನ್ಯಾಯಮಂಡಳಿ ತಿದ್ದುವಂತಿಲ್ಲ ಎಂಬುದು ಕೋರ್ಟಿನ ನಿಲುವು. ಸೊನ್ನೆ ಮತ್ತೆ ನಡುಮಧ್ಯಕ್ಕೆ ಬಂತು.

ಹಾಗೆ ನೋಡಿದರೆ ಗೋಡೆಯಿಂದ ಅಳೆದ ನಿಮ್ಮ ಎಂಜಿನಿಯರ್ ನಿಮಗೆ ಉಪಕಾರವನ್ನೇ ಮಾಡಿದ್ದಾರೆ. ನಡುವಿನಿಂದ ಅಳೆದಿದ್ದರೆ 16 ಇನ್ನೂ ಹೆಚ್ಚಾಗುತ್ತಿತ್ತು. ನನ್ನ ಅನುಮಾನ ಬೇರೆ. ಅದು ಯಾವ ಕಾಲುವೆಯ ಗೋಡೆ?

ನೀವು ಕಳುಹಿಸಿದ ಫೋಟೊದಲ್ಲಿ ಕಾಣುವುದು ನೇರವಾಗಿ ಗೀಟು ಹಾಕಿದಂತಿರುವ ಕಾಂಕ್ರೀಟ್ ತೊಟ್ಟಿ. ನೀರು ತಾನಾಗಿ ಹಾಗೆ ಹರಿಯುವುದಿಲ್ಲ, ಯಾರೋ ತಿರುಗಿಸಿದ್ದಾರೆ. ಬಡಾವಣೆ ಮಾಡುವವರಿಗೆ ಡೊಂಕು ಹಳ್ಳವೆಂದರೆ ಆಗದು, ನಿವೇಶನಗಳು ಮೂಲೆಮುರುಕಾಗುತ್ತವೆ. ಹಳ್ಳವನ್ನು ಬೇಲಿಯ ಕಡೆ ನೇರವಾಗಿ ಒತ್ತರಿಸಿ, ಹಳೆಯ ಪಾತ್ರಕ್ಕೆ ಮಣ್ಣು ಹಾಕಿ, ಮೇಲೆ 30x40ರ ಕಲ್ಲು ನೆಡುತ್ತಾರೆ. ಕಂದಾಯ ದಾಖಲೆಗೆ ಮಾತ್ರ ಹಳೆಯ ಹಳ್ಳವೇ ಹಳ್ಳ. ಗ್ರಾಮ ನಕ್ಷೆಯಲ್ಲಿ ಅದರ ಗೆರೆ ಹಾಗೆಯೇ ಉಳಿದಿರುತ್ತದೆ. ಪಹಣಿಯಲ್ಲಿ ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ಜಾಗ) ಎಂದು ಗುಂಟೆ ಲೆಕ್ಕವೂ ಇರುತ್ತದೆ. 2016ರ ಆಗಸ್ಟ್‌ನಲ್ಲಿ ತೆರವು ನಡೆದಾಗ ಜೆಸಿಬಿಗಳು ಹಿಡಿದುಕೊಂಡು ಹೋದದ್ದು ಆ ಗೆರೆಯನ್ನೇ. ಮಂಜೂರಾದ ನಕ್ಷೆಯನ್ನು ಕೈಯಲ್ಲಿ ಹಿಡಿದು, "ಇಲ್ಲಿ ಕಾಲುವೆಯೇ ಇಲ್ಲವಲ್ಲ" ಎಂದು ಅತ್ತವರನ್ನು ಟಿವಿಯಲ್ಲಿ ಎಲ್ಲರೂ ನೋಡಿದೆವು.

ಆ ಗೆರೆಯೂ ಸರಳವಲ್ಲ. ಹಳೆಯ ಮೈಸೂರು ಭಾಗದ ಗ್ರಾಮ ನಕ್ಷೆಗಳು ಸಾಮಾನ್ಯವಾಗಿ 1:7920 ಅಳತೆಯವು. ಕಾಗದದ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ ಸುಮಾರು 26 ಅಡಿ. ಒಳ್ಳೆಯ ಪೆನ್ಸಿಲಿನಿಂದ ಎಳೆದ ಗೆರೆಯ ದಪ್ಪ ಅರ್ಧ ಮಿಲಿಮೀಟರ್ ಎಂದಿಟ್ಟುಕೊಳ್ಳಿ, ನಿಮ್ಮ ಮೂವತ್ತು ಅಡಿಯಲ್ಲಿ ಹದಿಮೂರು ಅಡಿಯನ್ನು ಗೆರೆಯೇ ತಿಂದಿತು. ಆದ್ದರಿಂದ ಮೊಬೈಲಿನಲ್ಲಿ ಸರ್ವೆ ನಂಬರು ತೋರಿಸುವ ಸರ್ಕಾರಿ ಆ್ಯಪ್ ದಿಶಾಂಕ್ ತೆರೆದು, ನೀಲಿ ಗೆರೆ ಪಕ್ಕದ ಸರ್ವೆ ನಂಬರಿನಲ್ಲಿದೆ ಎಂದು ನಿಟ್ಟುಸಿರು ಬಿಡಬೇಡಿ. ಅದು ದಾರಿ ತೋರಿಸುತ್ತದೆ, ತೀರ್ಪು ಕೊಡುವುದಿಲ್ಲ. ಗ್ರಾಮ ನಕ್ಷೆ, ನಿಮ್ಮ ಸರ್ವೆ ನಂಬರಿನ ಮೂಲ ಟಿಪ್ಪಣಿ (ಮೊದಲ ಸರ್ವೆಯ ಅಳತೆ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯಗಳ ದಾಖಲೆ) ಮೂರರ ದೃಢೀಕೃತ ಪ್ರತಿಗೂ ಭೂದಾಖಲೆಗಳ ಕಚೇರಿಯಲ್ಲಿ ಅರ್ಜಿ ಹಾಕಿ. ಸರಪಳಿ ಅಳತೆಗಳಿರುವುದು ಟಿಪ್ಪಣಿಯಲ್ಲಿ. ಸರ್ಕಾರಿ ಭೂಮಾಪಕರಿಂದ ಆ ಹಳ್ಳದ ನಡುಗೆರೆಯನ್ನು ನಿಮ್ಮ ನೆಲದ ಮೇಲೆ ಗುರುತು ಮಾಡಿಸಿ. ಟೇಪಿನ ಸೊನ್ನೆ ಅಲ್ಲಿಗೆ ಬರಬೇಕು. ಜೊತೆಗೆ ನಿಮ್ಮದು ತೃತೀಯ ಹಂತದ ಕಾಲುವೆ ಎಂದು ಹೇಳಿದವರು ಯಾರೆಂದು ಕೇಳಿ. ದ್ವಿತೀಯವಾದರೆ 15 ಅಲ್ಲ, 25.

ನಂಬಿಕೆ ನಕ್ಷೆಯ ಬಗ್ಗೆಯೂ ಒಂದು ಮಾತು. 2024ರಲ್ಲಿ ಅದು ಬಂದಾಗ ನಾವು ಸ್ವಾಗತಿಸಿ ಬರೆದೆವು, ಈಗಲೂ ಅದರ ವಿರೋಧಿಯಲ್ಲ. 50x80ರವರೆಗಿನ ನಿವೇಶನದವರು ಒಂದು ಸಹಿಗಾಗಿ ತಿಂಗಳುಗಟ್ಟಲೆ ಮೆಟ್ಟಿಲು ಸವೆಸುವುದು ತಪ್ಪಿತು. ಆದರೆ ಆ ನಂಬಿಕೆ ಯಾರ ಮೇಲಿನದು? ನಿಮ್ಮ ಎಂಜಿನಿಯರ್ ತುಂಬಿಕೊಟ್ಟ ಮಾಹಿತಿಯ ಮೇಲಿನದು. ಮೊದಲು ಸಿಗುವುದು ತಾತ್ಕಾಲಿಕ ಅನುಮತಿ, ಪರಿಶೀಲನೆ ಆಮೇಲೆ. ಕಾಲುವೆಯ ವಿಷಯದಲ್ಲಿ ಮಾಹಿತಿ ತಪ್ಪಿದ್ದರೆ ಆ ಕಾಗದ ನಿಮ್ಮ ಪರವಾಗಿ ಸಾಕ್ಷಿ ಹೇಳುವುದಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಎಲ್ಲ ಅಳತೆಯೂ ಸರಿ ಎಂದಿಟ್ಟುಕೊಳ್ಳೋಣ. ಆಗಲೂ ನೀರು ಬಂದೀತೇ? ಬರುತ್ತದೆ. ಬಫರ್ ಲೆಕ್ಕ ದೂರವನ್ನು ನೋಡುತ್ತದೆಯೇ ಹೊರತು ಎತ್ತರವನ್ನು ನೋಡುವುದಿಲ್ಲ. ನಿಮ್ಮ ಫೋಟೊದಲ್ಲಿ ಕಾಲುವೆಯ ಗೋಡೆ ರಸ್ತೆಗಿಂತ ಎರಡಡಿ ಮೇಲಿದೆ. ಗೋಡೆ ಉಕ್ಕುವುದನ್ನು ತಡೆಯುತ್ತದೆ ನಿಜ. ನಿಮ್ಮ ಬೀದಿಯ ನೀರು ಒಳಗೆ ಇಳಿಯುವುದನ್ನೂ ತಡೆಯುತ್ತದೆ. ಚರಂಡಿ ಬಂದು ಸೇರುವ ಕಿಂಡಿಗಳು ಗೋಡೆಯ ಬುಡದಲ್ಲಿವೆ. ಕಾಲುವೆ ತುಂಬಿದೊಡನೆ ಅದೇ ಕಿಂಡಿಗಳಿಂದ ನೀರು ಹಿಮ್ಮುಖವಾಗಿ ಬೀದಿಗೆ ಬರುತ್ತದೆ. ಹೆಬ್ಬಾಳ ಕಣಿವೆಯ ನೀರೆಲ್ಲ ಎಲೆಮಲ್ಲಪ್ಪಶೆಟ್ಟಿ ಕೆರೆಯ ಕಡೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಹೋಗಬೇಕು. ನಡುವೆ ಒಂದು ಕಡೆ ಇಕ್ಕಟ್ಟಾದರೂ ಹಿಂದಿನ ಬಡಾವಣೆಗಳೆಲ್ಲ ಕೆರೆಯಂಗಳವಾಗುತ್ತವೆ. ನಿಮ್ಮ ನೆರೆಯ ಸಾಯಿ ಬಡಾವಣೆ 2025ರ ಮೇ ತಿಂಗಳಲ್ಲಿ ಮುಳುಗಿದಾಗ ಎಲ್ಲರೂ ಬೆರಳು ತೋರಿಸಿದ್ದು ರೈಲು ಹಳಿಯ ಕೆಳಗಿನ ಕಿರಿದಾದ ದಾರಿಯತ್ತ. ಅಲ್ಲಿನವರು ಬಫರ್‌ನಲ್ಲಿ ಎಷ್ಟು ಮೀಟರ್ ಬಿಟ್ಟಿದ್ದರೂ ಆ ಕಿಂಡಿ ಅಗಲವಾಗುತ್ತಿರಲಿಲ್ಲ.

ನಾಲ್ಕಡಿ ಮಣ್ಣು ತುಂಬಿಸುವ ಸಲಹೆ ನನಗೆ ಒಪ್ಪಿಗೆಯಿಲ್ಲ. ನಿಮ್ಮಲ್ಲಿ ನಿಲ್ಲುತ್ತಿದ್ದ ನೀರು ಎಲ್ಲಿಗೆ ಹೋಗಬೇಕು? ಪಕ್ಕದವರ ಹೊಸಿಲಿಗೆ. ಮುಂದಿನ ವರ್ಷ ಅವರು ಐದಡಿ ಏರಿಸುತ್ತಾರೆ. ಅಷ್ಟರಲ್ಲಿ ರಸ್ತೆಯೂ ಡಾಂಬರಿನ ಮೇಲೆ ಡಾಂಬರು ಹಾಕಿಸಿಕೊಂಡು ಎದ್ದಿರುತ್ತದೆ. ನಾನು ಬಾಡಿಗೆಗಿದ್ದ ಹಳೆಯ ಮನೆಗೆ ಕಟ್ಟುವಾಗ ಮೂರು ಮೆಟ್ಟಿಲು ಹತ್ತಬೇಕಿತ್ತಂತೆ. ನಾನು ಬಿಡುವ ಹೊತ್ತಿಗೆ ಒಂದು ಮೆಟ್ಟಿಲು ಇಳಿಯಬೇಕಿತ್ತು. ಕಟ್ಟಲೇಬೇಕೆಂದಿದ್ದರೆ ಕಂಬಗಳ ಮೇಲೆ ಕಟ್ಟಿ. ಕೆಳಗೆ ಗೋಡೆ ಕಟ್ಟದೆ ನೀರಿಗೆ ದಾರಿ ಬಿಡಿ. ಸುತ್ತ ಕಾಂಕ್ರೀಟ್ ಹಾಕದೆ ಮಣ್ಣು ಉಳಿಸಿ. ಸಂಪಿನ ಬಾಯಿ ನೆರೆಯ ಮಟ್ಟಕ್ಕಿಂತ ಮೇಲಿರಲಿ. ಶೌಚಾಲಯದ ಚೇಂಬರಿಗೆ ನೀರು ಹಿಂದಕ್ಕೆ ಬಾರದಂತಹ ವಾಲ್ವ್ ಹಾಕಿಸಿ. ವಿದ್ಯುತ್ ಮೀಟರ್ ಎದೆಮಟ್ಟಕ್ಕಿಂತ ಎತ್ತರದಲ್ಲಿರಲಿ, ನೆಲಮಾಳಿಗೆಯ ಮಾತೇ ಬೇಡ. ಅದೇ 2025ರ ಮೇನಲ್ಲಿ ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟೊಂದರ ನೆಲಮಾಳಿಗೆಯಲ್ಲಿ ನಿಂತ ನೀರು ಹೊರಹಾಕುವಾಗ ಇಬ್ಬರು ವಿದ್ಯುತ್ ತಗುಲಿ ಸತ್ತರು. ಒಬ್ಬ ಇನ್ನೂ ಹುಡುಗ.

ದೊಡ್ಡವರ ವಿಷಯ ಬರೆದಿದ್ದೀರಿ. ಎಲ್ಲರಿಗಿಂತ ದೊಡ್ಡವರು ಸರ್ಕಾರದವರೇ: ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕಳೆದ ಶತಮಾನದ ಆರಂಭದಲ್ಲಿ ಸುಮಾರು 113 ಕಿಲೋಮೀಟರ್ ಇದ್ದ ಕೋರಮಂಗಲ ಕಣಿವೆಯ ಕಾಲುವೆಗಳು 63ಕ್ಕೆ ಇಳಿದಿವೆ ಎಂದು ಮಹಾಲೇಖಪಾಲರ (ಸಿಎಜಿ) ವರದಿ 2021ರಲ್ಲಿಯೇ ಹೇಳಿದೆ. ಆ ಐವತ್ತು ಕಿಲೋಮೀಟರನ್ನು 30x40 ನಿವೇಶನದವರಷ್ಟೇ ನುಂಗಿಲ್ಲ. ನಿಮ್ಮ ಸಿಟ್ಟಿಗೆ ಕಾರಣವಿದೆ, ಅದನ್ನು ನಾವು ಬರೆಯುತ್ತಲೇ ಇರುತ್ತೇವೆ. ಆದರೆ ಆ ಸಿಟ್ಟಿನಿಂದ ನಿಮ್ಮ ನಿವೇಶನದ ನೀರು ಇಂಗುವುದಿಲ್ಲ.

ಟಿಪ್ಪಣಿಯ ಪ್ರತಿ ಕೈಗೆ ಬರುವವರೆಗೆ ಪಾಯ ತೋಡಿಸಬೇಡಿ. ಗುತ್ತಿಗೆದಾರರು ಆಷಾಢಕ್ಕೆ ಮೊದಲೇ ಗುದ್ದಲಿ ಪೂಜೆ ಆಗಬೇಕು ಎಂದು ಅವಸರಪಡಿಸುತ್ತಿದ್ದಾರೆಂದು ಬರೆದಿದ್ದೀರಿ, ಶ್ರಾವಣದಲ್ಲಿಯೂ ಮುಹೂರ್ತಗಳಿವೆ. ಹಳೆಯ ಹಳ್ಳ ನಿಮ್ಮ ಕಲ್ಲುಗಳ ನಡುವೆಯೇ ಹಾದಿದೆ ಎಂದು ತಿಳಿದರೆ ಮಾರಿದವರ ಮೇಲೆ ಮೊಕದ್ದಮೆ ಹೂಡುವ ದಾರಿ ಇನ್ನೂ ತೆರೆದಿರುತ್ತದೆ. ಮನೆ ಎದ್ದ ಮೇಲೆ ಆ ದಾರಿಯೂ ಇಕ್ಕಟ್ಟಾಗುತ್ತದೆ.

ನಿಮ್ಮ ಎರಡನೆಯ ಫೋಟೊದಲ್ಲಿ ಪಕ್ಕದ ಮನೆಯ ಹಳದಿ ಗೋಡೆಯ ಮೇಲೆ ನೀರು ನಿಂತ ಕಲೆ ಕಾಣುತ್ತದೆ. ಮುಂದಿನ ಸುಣ್ಣ ಬಳಿಯುವುದರೊಳಗೆ ಹೋಗಿ, ಅದು ರಸ್ತೆಯಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆದು, ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ. ನಮಗೂ ಒಂದು ಪ್ರತಿ ಕಳುಹಿಸಿ.

— ಸಂ.