ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅನ್ಲತದ, ಟೆಸ್ಟ್ ಹ್ಯಾಂಗ ಮಾಡೋದು?

ಫೋಟೋ ಫೋಲ್ಡರ್ ತೆಗಿಲಿಕ್ಕ ಎರಡು ನಿಮಿಷ ಹಿಡಿತದ, ಒಳಗ ಟಿಕ್ ಟಿಕ್ ಅಂತದ ಅಂತೀರಿ ಅಂದ್ರ ಬಹುತೇಕ ಬ್ಯಾಡ್ ಸೆಕ್ಟರ್, ಅಂದ್ರ ಡಿಸ್ಕಿನಾಗ ಓದ್ಲಿಕ್ಕ ಬರದ ಕೆಟ್ಟ ಜಾಗಾ, ಬಂದಾವ. ಡಿಸ್ಕಿನಿಂದ ಮದರ್‌ಬೋರ್ಡಿಗಿ ಹೋಗೋ ಸಾಟಾ ಕೇಬಲ್ ಲೂಸ್ ಇದ್ರೂ ಸ್ಲೋ ಆಗ್ತದ, ಹಂಗಾಗಿ ನೋಡದೆ ಪಕ್ಕಾ ಹೇಳ್ಲಿಕ್ಕ ಬರಲ್ಲ.

ಟೆಸ್ಟ್ ಆಮ್ಯಾಗ, ಮೊದಲ ಬೇಕಾದ ಫೈಲ್ ಎಲ್ಲಾ ಬ್ಯಾರೆ ಡ್ರೈವಿಗಿ ಕಾಪಿ ಹೊಡಿರಿ. ವಿಂಡೋಸ್‌ದಾಗಿನ ಡಿಸ್ಕ್ ರಿಪೇರಿ ಟೂಲ್ ಚೆಕ್‌ಡಿಸ್ಕ್ ಈಗೇ ಓಡಿಸಬ್ಯಾಡ್ರಿ, ಸಾಯ್ಲತಿದ್ದ ಡ್ರೈವಿಗಿ ಅದು ಇನ್ನಾ ಭಾರ, ನಾ ಒಮ್ಮಿ ಹಂಗೇ ಮಾಡಿ ತಂಗಿ ಮದಿವಿ ಫೋಟೋ ಅರ್ಧ ಕಳ್ಕೊಂಡೀನಿ.

ಕಾಪಿ ಆದ್ಮ್ಯಾಲ ಡಿಸ್ಕಿನ ಆರೋಗ್ಯ ತೋರಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್ ಹಾಕ್ರಿ, ಫ್ರೀ ಅದ. 05, ಸಿ5 (C5), ಸಿ6 (C6) ಈ ಮೂರು ಸಾಲು ಕೆಟ್ಟ ಸೆಕ್ಟರಿನ ಲೆಕ್ಕ, ಇವುಗಳ ರಾ ವ್ಯಾಲ್ಯೂ (Raw Values) ಕಾಲಮ್ ನೋಡ್ರಿ, ಸೊನ್ನಿ ಇದ್ರ ಛಲೋ. ಸಿ5 ದಾಗ ಅಂಕಿ ಇದ್ರ ಅಷ್ಟು ಸೆಕ್ಟರ್ ಓದ್ಲಿಕ್ಕ ತ್ರಾಸ ಆಗ್ಲತದ ಅಂತ ಅರ್ಥ, ಅಂಕಿ ಹೆಕ್ಸಾದಾಗ, ಅಂದ್ರ ಹತ್ತರ ಬದಲಿ ಹದಿನಾರರ ಲೆಕ್ಕದಾಗ ಇರ್ತದ, 10 ಅಂತ ತೋರಿಸಿದ್ರ 16 ಅಂತ ತಿಳ್ಕೋರಿ. ಸಿ7 (C7) ಅಂದ್ರ ಕೇಬಲ್‌ದಾಗ ಡೇಟಾ ತಪ್ಪಿದ ಲೆಕ್ಕ, ಅದೊಂದೇ ಏರಿದ್ರ ಕೇಬಲ್ ಬದಲಿ ಮಾಡ್ರಿ, ಹಳೇ ಅಂಕಿ ಇಳಿಯಲ್ಲ, ಮತ್ತ ಏರ್ತದೇನು ಅಷ್ಟೇ ನೋಡೋದು. ಮ್ಯಾಲ ನೀಲಿ ಬಣ್ಣದಾಗ ಗುಡ್ ಅಂದ್ರೂ ಪೂರಾ ನಂಬಬ್ಯಾಡ್ರಿ.

ಮುಂದ ಸೀಗೇಟ್ ಕಂಪನಿಯ ಡಿಸ್ಕ್ ಟೆಸ್ಟ್ ಸಾಫ್ಟ್‌ವೇರ್ ಸೀಟೂಲ್ಸ್, ಬ್ಯಾರೆ ಕಂಪನಿ ಡ್ರೈವಿಗೂ ನಡಿತದ. ಮೊದಲ ಶಾರ್ಟ್ ಟೆಸ್ಟ್, ಪಾಸ್ ಆದ್ರ ಲಾಂಗ್. 1 ಟಿಬಿಗಿ ತಾಸುಗಟ್ಟಲೆ ಹಿಡಿತದ, ಕರೆಂಟ್ ಹೋದ್ರ ಮತ್ತ ಮೊದಲಿಂದ, ಯುಪಿಎಸ್ ಇರಲಿ. ನಮ್ಮ ಕಲಬುರಗಿ ಬಿಸಿಲಾಗಂತೂ ರಾತ್ರಿ ಹಚ್ಚಿ ಮಲಗೋದೇ ಛಲೋ, ಟೆಂಪರೇಚರ್ 50 ದಾಟಿದ್ರ ನಿಲ್ಲಸ್ರಿ.

ಲಾಂಗ್ ಫೇಲ್ ಆದ್ರ ಫಾರ್ಮ್ಯಾಟ್ ಹೊಡದು ಉಪಯೋಗ ಇಲ್ಲ, ಡ್ರೈವ್ ಮ್ಯಾಲಿನ ಸೀರಿಯಲ್ ನಂಬರ್ ಕಂಪನಿ ಸೈಟಿನಾಗ ಹಾಕಿ ವಾರಂಟಿ ಅದೇನು ನೋಡ್ರಿ.