ಡೆವಿಲ್‌ಗೆ ಒಗ್ಗಿದ ಉಪಾಯ ಸ್ಕೇಟ್‌ಗೆ ಸಾಲದು

ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ದ್ವೀಪದ ಮಾಂಸಾಹಾರಿ ಪ್ರಾಣಿ ಟ್ಯಾಸ್ಮೇನಿಯನ್ ಡೆವಿಲ್‌ಗಳನ್ನು ಸಾಕಿ ಉಳಿಸಿದ ಹಾಗೆ ಅಲ್ಲಿನದೇ ಚಪ್ಪಟೆ ಮೀನು ಮೌಜಿಯನ್ ಸ್ಕೇಟ್ ಅನ್ನೂ ಉಳಿಸಬಹುದಲ್ಲ ಅಂತ ಕೇಳಿದ್ದೀರಿ. ಅರ್ಧ ಮಾತ್ರ ಸರಿ.

ಡೆವಿಲ್‌ಗೆ ಕಂಟಕವಾಗಿದ್ದು 1996ರಲ್ಲಿ ಮೊದಲು ಕಂಡ ಮುಖದ ಗೆಡ್ಡೆಯ ಕ್ಯಾನ್ಸರ್. ಒಂದನ್ನೊಂದು ಕಚ್ಚಿದಾಗ ಜೀವಂತ ಕ್ಯಾನ್ಸರ್ ಕೋಶಗಳೇ ದಾಟುತ್ತವೆ. ಹಾಗಾಗಿ ರೋಗವಿಲ್ಲದವನ್ನು ಬೇರ್ಪಡಿಸಿದರೆ ಕೆಲಸ ನಡೆಯುತ್ತದೆ. 2012ರಲ್ಲಿ ಟ್ಯಾಸ್ಮೇನಿಯಾ ಪಕ್ಕದ, ರೋಗವಿಲ್ಲದ ಮರಿಯಾ ದ್ವೀಪಕ್ಕೆ ಬಿಟ್ಟವು ಚೆನ್ನಾಗೇ ಹೆಚ್ಚಿದವು (ಅಲ್ಲಿನ ಪುಟ್ಟ ಪೆಂಗ್ವಿನ್‌ಗಳ ಸಂತತಿ ಅಳಿಯುವಷ್ಟು!).

ಸ್ಕೇಟ್ ಈಗ ಉಳಿದಿರುವುದು ಬಹುತೇಕ ಟ್ಯಾಸ್ಮೇನಿಯಾದ ಪಶ್ಚಿಮ ಕರಾವಳಿಯ ಕೊಲ್ಲಿ ಮ್ಯಾಕ್ವಾರಿ ಹಾರ್ಬರ್‌ನಲ್ಲಷ್ಟೇ. ಅಲ್ಲಿ ನದಿಯ ಸಿಹಿನೀರು ಮೇಲೆ, ಉಪ್ಪುನೀರು ಕೆಳಗೆ. ಎರಡೂ ಸರಿಯಾಗಿ ಬೆರೆಯದೆ ತಳಕ್ಕೆ ಆಮ್ಲಜನಕ ಇಳಿಯುವುದೇ ಕಡಿಮೆ. ಸಾಲ್ಮನ್ ಸಾಕಣೆಯ ಮಲ, ಮಿಕ್ಕ ಮೇವು ಕೊಳೆಯುವಾಗ ಇದ್ದದ್ದೂ ಖರ್ಚಾಗುತ್ತದೆ. ಮೊಟ್ಟೆಗಳು ತಿಂಗಳುಗಟ್ಟಲೆ ಕೂರುವುದು ಆ ತಳದಲ್ಲೇ. ತೊಟ್ಟಿಯಲ್ಲಿ ಮರಿ ಮಾಡಿಸಿ ಬಿಟ್ಟರೂ ಸೇರುವುದು ಅದೇ ನೀರಿಗೆ.